‘ತಡೆಯೋಕಾಗ್ದಿದ್ರೆ ಕೊಡ್ತೀನಿ’

ಈ ವಾರ ಮೆಡಿಕಲ್ ಶಾಪಿನಲ್ಲಿ ಕಿವಿಗೆ ಬಿದ್ದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಪಿಯುಸಿ ಹುಡುಗಿ, ಮುಟ್ಟಿನ ನೋವಿಗೆ ಕಾಲೇಜು ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದು ಕೌಂಟರಿಗೆ ಒರಗಿದ್ದಳು. ಅಮ್ಮ ಮಾತ್ರೆ ಪರ್ಸಿಗೆ ಹಾಕಿ ಜಿಪ್ ಎಳೆದರು.

‘ಈಗ್ಲೇ ಒಂದು ಕೊಡಮ್ಮ.’

‘ಈಗಿಂದ್ಲೇ ಅಭ್ಯಾಸ ಮಾಡ್ಕೋಬೇಡ. ತಡೆಯೋಕಾಗ್ದಿದ್ರೆ ಕೊಡ್ತೀನಿ.’

ಕೆಟ್ಟ ತಾಯಿಯೇನಲ್ಲ, ಅವರಮ್ಮ ಅವರಿಗೆ ಮಾತ್ರೆಯ ಮಾತನ್ನೇ ಎತ್ತಿರಲಿಕ್ಕಿಲ್ಲ. ಆದರೆ ತಡೆಯೋಕಾಗದ ಹೊತ್ತಿನಲ್ಲಿ ಕೊಟ್ಟರೆ ಆ ಮಾತ್ರೆ ಅರ್ಧ ದಂಡ. ಆಮೇಲೆ ‘ಮಾತ್ರೆ ಕೊಟ್ರೂ ಕಮ್ಮಿಯಾಗ್ಲಿಲ್ಲ’ ಅನ್ನುವವರೂ ಅವರೇ.

ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿದಾಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದು ಸ್ನಾಯುವನ್ನು ಹಿಂಡುತ್ತದೆ, ರಕ್ತನಾಳ ಬಿಗಿಯುತ್ತದೆ, ರಕ್ತ ಸಾಲದೆ ಸ್ನಾಯು ನೋಯುತ್ತದೆ. ಮೊದಲ ದಿನದ ಭೇದಿ, ವಾಕರಿಕೆಗೂ ಅದೇ ಕಾರಣ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆಯುತ್ತವೆ. ಆಗಲೇ ಹುಟ್ಟಿದ್ದನ್ನು ಅಳಿಸಲಾರವು. ಹಾಗಾಗಿ ನೋವು ಶುರುವಾಗುವ ಸೂಚನೆ ಸಿಕ್ಕ ಕೂಡಲೇ, ಏನಾದರೂ ತಿಂದು ನುಂಗಬೇಕು. ಐಬುಪ್ರೊಫೆನ್ ಆದರೆ 400 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ, ವೈದ್ಯರು ಹೇಳದೆ ದಿನಕ್ಕೆ 1200 ಮೀರಬಾರದು. ಹೆಚ್ಚಿನವರಿಗೆ ಎರಡು ಮೂರು ದಿನ ಸಾಕು. ಎರಡು ಬಗೆಯ ನೋವಿನ ಮಾತ್ರೆ ಒಟ್ಟಿಗೆ ಬೇಡ. ಇದು ಚಟ ಹತ್ತುವ ಔಷಧಿಯಲ್ಲ.

ಭಯಪಡಬೇಕಾದದ್ದು ಬೇರೆ ಇದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ, ಗರ್ಭದ ಅನುಮಾನ ಇದ್ದರೆ ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ತಗೋಬಾರದು. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಔಷಧಿಗಳ ಗುಣಮಟ್ಟ ನೋಡುವ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿತ್ತು. ಜ್ವರದ ಜೊತೆ ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಬಿಸಿನೀರಿನ ಬ್ಯಾಗು ನಿಜಕ್ಕೂ ಕೆಲಸ ಮಾಡುತ್ತದೆ. ಕುದಿಯುವ ನೀರು ಸುರಿಯಬಾರದು. ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಒತ್ತಿ ತೆಗೆದು, ಟವೆಲ್ ಸುತ್ತಿ ಕಿಬ್ಬೊಟ್ಟೆಗೆ 15–20 ನಿಮಿಷ. ಬರಿಮೈಗೆ ಇಟ್ಟುಕೊಂಡು ನಿದ್ದೆ ಹೋದವರಿಗೆ ಚರ್ಮ ಸುಡಬಹುದು.

ಅಂಗಡಿಯಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬರು, ಯಾರೂ ಕೇಳದಿದ್ದರೂ, ‘ಮದುವೆ ಆದ್ಮೇಲೆ ಸರಿಹೋಗತ್ತೆ’ ಅಂದರು. ಈ ಮಾತಿಗೇ ನನಗೆ ಹೆಚ್ಚು ಸಿಟ್ಟು. ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿಗೆ ದಿನಗಳ ಮೊದಲೇ ಶುರುವಾಗಿ ಮುಗಿದ ಮೇಲೂ ಉಳಿಯುವ ನೋವು, ಆ ದಿನಗಳಲ್ಲಿ ಮಲವಿಸರ್ಜನೆಗೆ ಕೂತಾಗಿನ ನೋವು ಇದ್ದರೆ ಅದು ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಮೂರು ತಿಂಗಳು ಸರಿಯಾದ ಹೊತ್ತಿಗೆ ಮಾತ್ರೆ ತಗೊಂಡರೂ ತಗ್ಗದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಈ ಕಾಯಿಲೆ ಇಲ್ಲವೆಂದಲ್ಲ; ನೋವು ಯಾವ ದಿನ, ಎಷ್ಟು ಹೊತ್ತು ಎಂಬುದನ್ನು ಬರೆದುಕೊಂಡು ಹೋಗಿ ತೋರಿಸಿ.