ಹದಿನಾಲ್ಕನೇ ಬಾವಿಯ ನೇರ ಗೆರೆ

ಜನವರಿಯಲ್ಲಿ ಶಿರಸಿ ಕಡೆಯ ಯಾವ ಅಡಿಕೆ ಮನೆಗೆ ಹೋದರೂ ರಾತ್ರಿ ಹನ್ನೊಂದರವರೆಗೆ ದೀಪ ಆರುವುದಿಲ್ಲ. ನಮ್ಮ ಮನೆಯೂ ಹಾಗೆಯೇ. ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು, ಅಡಿಕೆ ಸುಲಿಯುವವರ ಮಾತು, ನಡುವೆ ಡಬ್ಬ ಅಳೆಯುವ ಅಪ್ಪಯ್ಯನ ಲೆಕ್ಕದ ಪುಸ್ತಕ. ನಾನು ಮೆತ್ತಿನ ಮೇಲೆ, ಹಳೆಯ ಮೂಟೆಗಳ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಶ್ಚಿಮ ಭಾರತದ ಎಲ್ಲೋ ಒಂದು ಬಯಲಿನಲ್ಲಿರುವ ಮೂವತ್ತೆರಡು ಎಣ್ಣೆ ಬಾವಿಗಳನ್ನು ಕಾಯುತ್ತಿರುತ್ತೇನೆ. ಯಾವ ಬಯಲು, ಯಾರ ಬಾವಿ ಎಂದು ಕೇಳಬೇಡಿ. ಹೇಳುವ ಹಾಗಿಲ್ಲ, ಮತ್ತು ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ.

ಕುಳಿತಲ್ಲೇ ಎಣ್ಣೆ ತೆಗೆಯುವ ಹುಡುಗಿ ಎಂದು ಊರಿನಲ್ಲಿ ನನಗೆ ಹೆಸರು. ಆ ಸಂಜೆಯೂ ಚಹಾಕ್ಕೆ ಕೆಳಗಿಳಿದಾಗ ಸುಲಿಯುತ್ತಿದ್ದ ಒಬ್ಬರು ಕೇಳಿದರು, “ತಂಗೀ, ಕಾರವಾರದ ಸಮುದ್ರದಲ್ಲೂ ಎಣ್ಣೆ ಇದೆಯಂತಲ್ಲ, ನಿಮ್ಮವರು ಯಾವಾಗ ತೆಗೆಯುತ್ತಾರೆ?” ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ನಮ್ಮ ಕರಾವಳಿ ಕೇರಳ-ಕೊಂಕಣ ಜಲಾನಯನ ಎಂದು ಕರೆಯುವ ಭಾಗಕ್ಕೆ ಸೇರುತ್ತದೆ, ಅಲ್ಲಿ ಹುಡುಕಾಟವೂ ನಡೆದಿದೆ. ಆದರೆ 1974ರಲ್ಲಿ ಪತ್ತೆಯಾಗಿ 1976ರಿಂದ ಎಣ್ಣೆ ಕೊಡುತ್ತಿರುವ ಮುಂಬೈ ಹೈನಂಥದ್ದು ಏನೂ ಸಿಕ್ಕಿಲ್ಲ ಎಂದೆ. ಅವರಿಗೆ ಉತ್ತರ ರುಚಿಸಲಿಲ್ಲ. “ಸರಿಯಾಗಿ ಹುಡುಕಿಲ್ಲ ಬಿಡಿ” ಎಂದರು.

“ಹಾಗಾದರೆ ನೀನು ಮಾಡುವುದಾದರೂ ಏನು?” ಎಂದವರು ಅಪ್ಪಯ್ಯ. ಅವರಿಗೆ ಹೇಳುವುದು ಸುಲಭ, ಏಕೆಂದರೆ ಬನವಾಸಿ ಕಡೆಯ ನಮ್ಮ ನೆಂಟರ ಗದ್ದೆಯಲ್ಲಿ ಕಂಪ್ರೆಸರ್ ಬೋರ್ ನೋಡಿದ್ದಾರೆ. ಕೊಳವೆ ಬಾವಿಯೊಳಗೆ ಗಾಳಿ ಬಿಟ್ಟರೆ ನೀರು ಗುಳ್ಳೆಗಳೊಂದಿಗೆ ಬೆರೆತು ಹಗುರವಾಗಿ ತಾನೇ ಮೇಲೇರುತ್ತದೆಯಲ್ಲ, ಎಣ್ಣೆ ಬಾವಿಯ ಗ್ಯಾಸ್ ಲಿಫ್ಟ್ ಎಂದರೂ ಅದೇ. ಗಾಳಿಯ ಬದಲು ಬಾವಿಗಳಿಂದಲೇ ಬಂದ ಅನಿಲ. ಅದನ್ನು ಕೇಸಿಂಗ್ ಎಂಬ ಹೊರಗಿನ ಕೊಳವೆಯ ಮೂಲಕ ಕೆಳಗೆ ತಳ್ಳಿ, ವಾಲ್ವಿನ ಮೂಲಕ ಒಳಗಿನ ಕೊಳವೆಗೆ ಬಿಡುತ್ತಾರೆ. ಕಡಿಮೆ ಬಿಟ್ಟರೆ ಎಣ್ಣೆ ಏರುವುದಿಲ್ಲ. ಅತಿಯಾಗಿ ಬಿಟ್ಟರೆ ಕೊಳವೆಯಲ್ಲಿ ಅನಿಲವೇ ನುಗ್ಗಿ, ಉಜ್ಜಾಟ ಹೆಚ್ಚಿ, ಎಣ್ಣೆ ಇಳಿಯುತ್ತದೆ. “ಹೌದು, ಗಾಳಿ ಜಾಸ್ತಿ ಕೊಟ್ಟರೆ ಬೋರು ಬರೇ ಉಗುಳುತ್ತದೆ” ಎಂದು ಅಪ್ಪಯ್ಯ ತಲೆಯಾಡಿಸಿದರು. ಕಂಪ್ರೆಸರಿನ ಸಾಮರ್ಥ್ಯಕ್ಕೆ ಮಿತಿ ಇರುವುದರಿಂದ ಇರುವ ಅನಿಲವನ್ನು ಮೂವತ್ತೆರಡಕ್ಕೆ ಹಂಚಬೇಕು. ಯಾವ ಬಾವಿಗೆ ಇನ್ನೊಂದು ಪಾಲು ಕೊಟ್ಟರೆ ಹೆಚ್ಚು ಎಣ್ಣೆ ಬರುತ್ತದೆಯೋ ಅದಕ್ಕೆ ಕೊಡುವುದು, ಬೇರೆಯದರಿಂದ ಕೀಳುವುದು. ಈ ಲೆಕ್ಕ ಮಾಡುವುದು ಕಂಪ್ಯೂಟರಿನೊಳಗಿನ ಮಾಡೆಲ್, ಮಾಡೆಲ್ಲನ್ನು ಸಾಕುವುದು ನಾನು.

ಸಾಕುವುದು ಎಂದೆ, ಬೇರೆ ಪದ ಹೊಳೆಯುವುದಿಲ್ಲ. ಪ್ರತಿ ಬಾವಿಗೂ ಎರಡು ಗೆರೆಗಳಿವೆ. ಒಂದು, ತಳದ ಒತ್ತಡ ಇಷ್ಟಿದ್ದರೆ ಬಂಡೆಯಿಂದ ಎಷ್ಟು ಎಣ್ಣೆ ಒಸರುತ್ತದೆ ಎಂಬುದು. ಇದಕ್ಕೆ 1968ರಲ್ಲಿ ವೋಗೆಲ್ ಎಂಬ ಎಂಜಿನಿಯರ್ ಕೊಟ್ಟ ಸಮೀಕರಣವನ್ನು ಇವತ್ತಿಗೂ ಬಳಸುತ್ತೇವೆ. ಇನ್ನೊಂದು, ಅಷ್ಟನ್ನು ಮೇಲೆ ತರಲು ಕೊಳವೆಗೆ ತಳದಲ್ಲಿ ಎಷ್ಟು ಒತ್ತಡ ಬೇಕು ಎಂಬುದು. ಎರಡೂ ಕೂಡುವಲ್ಲಿ ಬಾವಿ ನಡೆಯುತ್ತದೆ. ಒಂದೊಂದು ಬಾವಿಗೂ ಅಳತೆಯ ಯಂತ್ರ ಇಡುವುದು ದುಬಾರಿ. ಹಾಗಾಗಿ ತಿಂಗಳಿಗೊಮ್ಮೆ ಸರದಿಯಂತೆ ಒಂದೊಂದನ್ನೇ ಟೆಸ್ಟ್ ಸೆಪರೇಟರಿಗೆ, ಎಂದರೆ ಎಣ್ಣೆ, ನೀರು, ಅನಿಲ ಬೇರ್ಪಡಿಸುವ ಪಾತ್ರೆಗೆ, ತಿರುಗಿಸಿ ಅಳೆಯುತ್ತಾರೆ. ಉಳಿದ ದಿನಗಳಲ್ಲಿ ಬಾವಿಯ ತಲೆಯ ಒತ್ತಡ, ಉಷ್ಣತೆ, ಕೊಟ್ಟ ಅನಿಲ ಇವನ್ನು ನೋಡಿ ಮಾಡೆಲ್ ಅಂದಾಜು ಹೇಳುತ್ತದೆ.

ಹದಿನಾಲ್ಕನೇ ಬಾವಿ ದಿನಕ್ಕೆ 620 ಬ್ಯಾರೆಲ್ ಕೊಡಬೇಕು ಎಂದು ಮಾಡೆಲ್ ಹೇಳುತ್ತಿತ್ತು. ಆ ವಾರದ ಟೆಸ್ಟಿನಲ್ಲಿ ಬಂದದ್ದು 540. ಇಂಥ ವ್ಯತ್ಯಾಸ ಹೊಸದೇನಲ್ಲ. ಬಂಡೆಯ ಕಸುವು ಕಾಲಕ್ರಮದಲ್ಲಿ ಇಳಿಯುತ್ತದೆ. ನಾನು ಆ ಒಂದು ಸಂಖ್ಯೆಯನ್ನು ತಗ್ಗಿಸಿದೆ, ಮತ್ತೆ ಸ್ವಲ್ಪ ತಗ್ಗಿಸಿದೆ, ಎರಡು ಗೆರೆಗಳು ಸರಿಯಾಗಿ 540ರ ಮೇಲೆ ಬಂದು ಕೂಡಿದವು. ಹಾಗೆ ಕೂಡಿದಾಗ ಆಗುವ ಖುಷಿಯನ್ನು ಈ ಕೆಲಸ ಮಾಡದವರಿಗೆ ವಿವರಿಸುವುದು ಕಷ್ಟ. ಆಯಿ ಊಟಕ್ಕೆ ಕರೆದರೂ ಏಳದೆ, ಹೊಸ ಲೆಕ್ಕ ಓಡಿಸಿದೆ. ಹದಿನಾಲ್ಕು ಸೊರಗಿದೆ, ಅದರ ಅನಿಲದಲ್ಲಿ ಒಂದು ಪಾಲು ಕಿತ್ತು ಒಂಬತ್ತಕ್ಕೆ ಕೊಡಿ ಎಂದು ಮಾಡೆಲ್ ಹೇಳಿತು. ನಾನು ಬರೆದು ಕಳುಹಿಸಿದೆ. ಮರುದಿನ ಬೆಳಿಗ್ಗೆ ಅಲ್ಲಿಯವರು ಹಾಗೆಯೇ ಮಾಡಿದರು.

ಒಂಬತ್ತು 30 ಬ್ಯಾರೆಲ್ ಏರಿತು. ಹದಿನಾಲ್ಕು 70 ಇಳಿಯಿತು. ಮಾಡೆಲ್ ಹೇಳಿದ್ದು ಹತ್ತೋ ಹನ್ನೆರಡೋ ಇಳಿಯಬಹುದು ಎಂದು.

ಎರಡನೇ ದಿನ ಸಂಜೆ ಬಾವಿಯ ಕಡೆಯಿಂದ ಫೋನ್ ಬಂತು. ಅಲ್ಲಿನ ಪಾಳಿಯ ಮೇಲ್ವಿಚಾರಕರು ಹೊನ್ನಾವರದವರು. ಮೊದಲ ಸಲ ಮಾತಾಡಿದಾಗ ಅವರ ಹಿಂದಿಯಲ್ಲಿ ಶರಾವತಿಯ ವಾಸನೆ ಹಿಡಿದು ನಾನು ಕನ್ನಡಕ್ಕೆ ತಿರುಗಿದ್ದೆ, ಅಂದಿನಿಂದ ಅವರು ನನಗೆ ಅಣ್ಣ, ನಾನು ಅವರಿಗೆ ಮೇಡಂ. ಎಷ್ಟು ಬೇಡವೆಂದರೂ ಆ ಮೇಡಂ ಬಿಡುವುದಿಲ್ಲ.

“ಮೇಡಂ, ಹದಿನಾಲ್ಕರ ತಲೆಯಲ್ಲಿ ಒತ್ತಡ ಎಷ್ಟಿದೆ ನಿಮ್ಮಲ್ಲಿ?”

“13.8 ಬಾರ್, ಅಣ್ಣ.”

“ನಾನು ಈಗ ಬಾವಿಯ ಹತ್ತಿರವೇ ನಿಂತಿದ್ದೇನೆ. ಕೈ ಗೇಜ್ ಹಾಕಿದ್ದೇನೆ. 21 ತೋರಿಸುತ್ತಿದೆ.”

ನಾನು ಪರದೆಯ ಮೇಲೆ ಹಿಂದಿನ ಹದಿನೈದು ದಿನಗಳನ್ನು ಎಳೆದು ನೋಡಿದೆ. ಗ್ಯಾಸ್ ಲಿಫ್ಟ್ ಬಾವಿ ಉಸಿರಾಡುತ್ತದೆ; ಅದರ ಒತ್ತಡದ ಗೆರೆ ಹೆದರಿದ ಮಗುವಿನ ಕೈಬರಹದ ಹಾಗೆ ಸದಾ ನಡುಗುತ್ತಿರುತ್ತದೆ. ಹದಿನಾಲ್ಕರದು ಹನ್ನೊಂದು ದಿನಗಳ ಹಿಂದಿನವರೆಗೆ ನಡುಗಿದೆ. ಆಮೇಲೆ ಅಡಿಪಟ್ಟಿ ಇಟ್ಟು ಎಳೆದಂತೆ ನೇರ. 13.8, 13.8, 13.8. ನಾಚಿಕೆಯ ಸಂಗತಿ ಎಂದರೆ ಆ ಗೆರೆಯನ್ನು ನಾನು ನೋಡಿರಲಿಲ್ಲ ಎಂದಲ್ಲ, ನೋಡಿದ್ದೆ. ಎಷ್ಟು ಗಲಾಟೆಯಿಲ್ಲದ ಬಾವಿ ಎಂದು ಮೆಚ್ಚಿಕೊಂಡಿದ್ದೆ.

ಅಲ್ಲಿಯ ಎಣ್ಣೆಯಲ್ಲಿ ಮೇಣ ಹೆಚ್ಚು. ರಾಜಸ್ಥಾನದ ಬಾಡಮೇರಿನ ಮಂಗಲಾ ಕ್ಷೇತ್ರದ ಎಣ್ಣೆಯನ್ನು ಕೊಳವೆಯುದ್ದಕ್ಕೂ ಬಿಸಿ ಮಾಡುತ್ತಲೇ ಸಾಗಿಸಬೇಕು, ಇಲ್ಲದಿದ್ದರೆ ತುಪ್ಪದಂತೆ ಗಟ್ಟಿಯಾಗುತ್ತದೆ. ನಮ್ಮದು ಅಷ್ಟಲ್ಲದಿದ್ದರೂ ಅದೇ ಜಾತಿಯದು. ಚಳಿಗೆ ಬಾವಿಯಿಂದ ಹೊರಡುವ ಕೊಳವೆಯ ಒಳಗೋಡೆಗೆ ಮೇಣ ಕಟ್ಟುತ್ತ ಬಂದು ದಾರಿ ಕಿರಿದಾಗಿತ್ತು. ದಾರಿ ಕಿರಿದಾದರೆ ಬಾವಿಯ ತಲೆಯಲ್ಲಿ ಒತ್ತಡ ಏರಬೇಕು, ಏರಿಯೂ ಇತ್ತು. ಆದರೆ ಆ ಒತ್ತಡವನ್ನು, ಅಳೆದು ಪರದೆಗೆ ಕಳುಹಿಸುವ ಟ್ರಾನ್ಸ್‌ಮೀಟರಿಗೆ ತಲುಪಿಸುವ ಕಿರುಬೆರಳ ದಪ್ಪದ ನಳಿಕೆಯಲ್ಲೂ ಅದೇ ಮೇಣ ಬಿರಡೆಯಂತೆ ಕೂತು, ಕೊನೆಯದಾಗಿ ಒಳಗೆ ಸಿಕ್ಕಿಕೊಂಡ ಒತ್ತಡವನ್ನೇ ಅದು ಹಾಡುತ್ತ ಕುಳಿತಿತ್ತು. ತಲೆಯ ಒತ್ತಡ ಕಡಿಮೆ ಎಂದು ನಂಬಿದ ಮಾಡೆಲ್ ಹೆಚ್ಚು ಎಣ್ಣೆ ನಿರೀಕ್ಷಿಸಿತು. ನಾನು ಅದನ್ನು ಸುಮ್ಮನಾಗಿಸಲು ಬಂಡೆಯ ಮೇಲೆ ತಪ್ಪು ಹೊರಿಸಿದೆ. ಎರಡು ಕಿಲೋಮೀಟರ್ ಆಳದ ಬಂಡೆ ಬಂದು ಸಾಕ್ಷಿ ಹೇಳುವುದಿಲ್ಲ ತಾನೆ.

ಎರಡು ದಿನಕ್ಕೆ ನಿವ್ವಳ ನಷ್ಟ 80 ಬ್ಯಾರೆಲ್. ಬ್ಯಾರೆಲ್ಲಿಗೆ 159 ಲೀಟರಿನ ಲೆಕ್ಕದಲ್ಲಿ ಸುಮಾರು 12,700 ಲೀಟರ್. ಕಂಪನಿಗೆ ಅದು ದೊಡ್ಡದಲ್ಲ ಎಂದು ನನ್ನ ಮೇಲಿನವರು ಹೇಳಿದರು. ಅಂಗಳದಲ್ಲಿ ನಿಲ್ಲುವ ನೀರಿನ ಟ್ಯಾಂಕರ್ ನೆನಪಾಗಿ ನನಗಂತೂ ದೊಡ್ಡದೇ ಎನಿಸಿತು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಬಚ್ಚಲೊಲೆಯ ದಂಡೆಯ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. ಚಳಿಗಾಲದಲ್ಲಿ ಆಯಿ ದಿನಾ ಅಲ್ಲಿಡುತ್ತಾರೆ. ಒಲೆಯ ಕಡೆಯ ಹೊಟ್ಟೆಯಲ್ಲಿ ಎಣ್ಣೆ ಕರಗಿ ಹೊಳೆಯುತ್ತಿತ್ತು, ಕುತ್ತಿಗೆಯಲ್ಲಿ ಬೆಳ್ಳಗೆ ಗಟ್ಟಿ. ಬಗ್ಗಿಸಿದರೆ ಒಂದು ಹನಿಯೂ ಬರಲಿಲ್ಲ. ಹಿಂದಿನ ಹನ್ನೊಂದು ದಿನವೂ ಇದನ್ನೇ ಬಗ್ಗಿಸಿ, ಬೈದು, ಕಡ್ಡಿ ಹಾಕಿ ಕೆದಕಿದ್ದೆ. ಅಲ್ಲಿಂದ ನೇರ ಮೆತ್ತು ಹತ್ತಿ 13.8ರ ಎದುರು ಕೂರುತ್ತಿದ್ದೆ. ಏನೂ ಹೊಳೆದಿರಲಿಲ್ಲ.

ಅವತ್ತೇ ಅಣ್ಣನವರು ನಳಿಕೆ ಬಿಚ್ಚಿ ತೊಳೆಸಿದರು, ಕೊಳವೆಗೆ ಬಿಸಿ ಎಣ್ಣೆ ಹಾಯಿಸಿದರು. ಅನಿಲದ ಪಾಲೂ ವಾಪಸ್ ಹೋಯಿತು. ಸಂಜೆಗೆ ಗೆರೆ ಮತ್ತೆ ನಡುಗತೊಡಗಿತು. ಬಂಡೆಯ ಹಳೆಯ ಸಂಖ್ಯೆಯನ್ನು ಅದಕ್ಕೆ ಮರಳಿಸಿದೆ. ವರದಿಯಲ್ಲಿ “ಉಪಕರಣದ ದೋಷ” ಎಂದು ಬರೆಯಬಹುದಿತ್ತು, ಎಲ್ಲರೂ ಬರೆಯುತ್ತಾರೆ. ನಾನು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ದೋಷ ಹನ್ನೊಂದು ದಿನ ಪರದೆಯ ಮೇಲೆ ಕಾಣುತ್ತಿತ್ತು.

ಜೊತೆಗೆ ಒಂದು ಪುಟ್ಟ ಕಾವಲು ಬರೆದೆ. ಯಾವುದೇ ಬಾವಿಯ ಒತ್ತಡ ಆರು ಗಂಟೆ ಕದಲದಿದ್ದರೆ ನನ್ನ ಮೊಬೈಲ್ ಕೂಗಬೇಕು. ಮರುರಾತ್ರಿ ಎರಡು ಗಂಟೆಗೇ ಅದು ಕೂಗಿತು. ದಡಬಡಿಸಿ ಎದ್ದು ನೋಡಿದರೆ ಇಪ್ಪತ್ತೇಳನೇ ಬಾವಿ, ದುರಸ್ತಿಗೆಂದು ಅವರೇ ಹಿಂದಿನ ದಿನ ಮುಚ್ಚಿಟ್ಟದ್ದು. ಮುಚ್ಚಿದ ಬಾವಿಯನ್ನು ಬಿಟ್ಟು ನೋಡು ಎಂದು ಕಾವಲಿಗೆ ಹೇಳಲು ಮರೆತಿದ್ದೆ. ಕತ್ತಲಲ್ಲಿ ಮೆತ್ತಿನ ಏಣಿಯ ಬುಡದಿಂದ ಅಪ್ಪಯ್ಯನ ಧ್ವನಿ ಬಂತು.

“ತಂಗೀ, ಈಗ ಯಾವುದು?”

“ಇಪ್ಪತ್ತೇಳು, ಅಪ್ಪಯ್ಯ. ಏನಿಲ್ಲ, ಮುಚ್ಚಿದ ಬಾವಿ.”

“ಮುಚ್ಚಿದ್ದಕ್ಕೂ ಕೂಗಬೇಕೇ?” ಎಂದು ಗೊಣಗುತ್ತ ಅವರು ಹೋಗಿ ಮಲಗಿದರು.