ತಗುಲಿದ ಗುಂಡನ್ನೂ ತಪ್ಪಿತು ಎನ್ನುವ ಸ್ಕ್ರಿಪ್ಟ್

ಮೂರು ವಾರ ಕಾಡಿದ ತಲೆನೋವು ನಿನ್ನೆ ರಾತ್ರಿ ಒಂದೂಕಾಲಿಗೆ ಇಳಿಯಿತು. ಡಿಸಿಎಸ್ ಎಂಬ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ, ಎರಡನೇ ಮಹಾಯುದ್ಧದ ಪಿ-51ಡಿ ವಿಮಾನದ ಗುರಿ ಅಭ್ಯಾಸಕ್ಕೆಂದು, ಗುಂಡು ಎಷ್ಟು ತಪ್ಪಿತು ಎಂದು ಹೇಳಲು ಬರೆದುಕೊಂಡಿದ್ದ ಲುವಾ ಸ್ಕ್ರಿಪ್ಟ್ (ಲುವಾ ಭಾಷೆಯ ಪುಟ್ಟ ಪ್ರೋಗ್ರಾಂ) ಕೊನೆಗೂ ನಿಜ ಹೇಳತೊಡಗಿದೆ. ಇಷ್ಟು ದಿನ ಅದರ ಸುಳ್ಳನ್ನು ನಂಬಿ, ಇದ್ದ ಅಲ್ಪಸ್ವಲ್ಪ ಗುರಿಯನ್ನೂ ಕೆಡಿಸಿಕೊಂಡೆ.

ಆಟದಲ್ಲಿ ಮಿಷನ್ (ಅಭ್ಯಾಸದ ಸನ್ನಿವೇಶ) ಕಟ್ಟಿದ್ದು, ಗುರಿ ವಿಮಾನವನ್ನು ಸುತ್ತು ಹೊಡೆಯಲು ಬಿಟ್ಟದ್ದು, ಗಾಳಿಯನ್ನು ಸೊನ್ನೆ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕೆಲಸ. ತೊಡಕೆಲ್ಲ ಗುಂಡಿನದು. ಕ್ಷಿಪಣಿ ಹೊರಟರೆ ಸ್ಕ್ರಿಪ್ಟ್‌ನ ಕೈಗೆ ಒಂದು ವಸ್ತು ಸಿಗುತ್ತದೆ, ಅದರ ಬೆನ್ನು ಹತ್ತಬಹುದು. ಮಷಿನ್ ಗನ್ನಿನಿಂದ ಬರುವ ಸುದ್ದಿ ಮೂರೇ: ಹಾರಿಸಲು ತೊಡಗಿದ, ನಿಲ್ಲಿಸಿದ, ತಗುಲಿತು. ತಗುಲದ ಗುಂಡು ಎತ್ತ ಹೋಯಿತು ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಹಾಗಾಗಿ ಟ್ರಿಗರ್ ಒತ್ತಿದಷ್ಟು ಹೊತ್ತು ಸೆಕೆಂಡಿಗೆ 20 ಬಾರಿ ಎರಡೂ ವಿಮಾನಗಳ ಸ್ಥಾನ, ವೇಗ ದಾಖಲಿಸಿ, ಸೆಕೆಂಡಿಗೆ 870 ಮೀಟರ್ ವೇಗದ ಕಾಲ್ಪನಿಕ ಗುಂಡೊಂದನ್ನು ನನ್ನ ಮೂತಿಯ ನೇರಕ್ಕೆ ಬಿಟ್ಟೆ. ವಿಮಾನದ ವೇಗವನ್ನೂ ಅದಕ್ಕೆ ಕೂಡಿಸಿದೆ. ಎಡವಿದ್ದು ಅಲ್ಲೇ.

ನೇರ ಹಾರಾಟದಲ್ಲಿ ಲೆಕ್ಕ ಹೆಚ್ಚುಕಡಿಮೆ ಸರಿ ಬರುತ್ತಿತ್ತು. ತಿರುವಿನಲ್ಲಿ ಮಾತ್ರ ಪರದೆಯ ಮೇಲೆ ಒಂದೇ ಪಲ್ಲವಿ: ‘ಲೀಡ್ ಹೆಚ್ಚು, 6 ಮೀಟರ್’. ಲೀಡ್ ಎಂದರೆ ಓಡುವ ಗುರಿಗಿಂತ ಎಷ್ಟು ಮುಂದಕ್ಕೆ ಹೊಡೆಯಬೇಕೋ ಆ ಅಂತರ. ವಿಧೇಯ ಶಿಷ್ಯನಂತೆ ಲೀಡ್ ಇಳಿಸಿದೆ. ದೋಷ ಸೊನ್ನೆ ಎಂದು ಸ್ಕ್ರಿಪ್ಟ್ ಬೆನ್ನು ತಟ್ಟಿತು, ಟ್ರೇಸರ್‌ಗಳೆಲ್ಲ (ಹೊಳೆಯುತ್ತ ಹಾರುವ ಗುಂಡುಗಳು) ಗುರಿಯ ಬಾಲದ ಹಿಂದಿನಿಂದ ಸಾಲಾಗಿ ಹಾದುಹೋದವು. ಒಂದು ಸಂಜೆ ಗುರಿಯ ರೆಕ್ಕೆಯೇ ಮುರಿದು ಬಿತ್ತು. ಅದು ಗಿರಕಿ ಹೊಡೆಯುತ್ತ ಬೀಳುತ್ತಿರುವಾಗಲೂ ಪರದೆ ಅದೇ 6 ಮೀಟರ್ ಎನ್ನುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಸಲ ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವನೂ ನಾನೇ.

ಅದು ಹೊಳೆಯುವ ಮೊದಲು ಬೈದದ್ದು ಜಾಯ್‌ಸ್ಟಿಕ್ಕನ್ನು. ಕಡ್ಡಿ ಎಷ್ಟು ವಾಲಿದೆ ಎಂದು ಅಳೆಯುವ, ಸವೆದ ಪೊಟೆನ್ಷಿಯೋಮೀಟರ್ ಬದಲಿಸೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 49ಇ ಹಾಲ್ ಸೆನ್ಸರ್ (ಆಯಸ್ಕಾಂತದ ಬಲವನ್ನು ಹಂತಹಂತವಾಗಿ ಅಳೆಯುವ ಬಿಡಿಭಾಗ) ಕೇಳಿದರೆ, ಪೊಟ್ಟಣದಲ್ಲಿ ಬಂದದ್ದು 3144. ಅದೇ ಮೂರು ಕಾಲು, ಅದೇ ಕಪ್ಪು ಮೈ. ಆದರೆ ಇದು ಸ್ವಿಚ್: ಆನ್, ಇಲ್ಲವೇ ಆಫ್, ನಡುವೆ ಏನೂ ಇಲ್ಲ. ಕಡ್ಡಿಯನ್ನು ಕೂದಲೆಳೆಯಷ್ಟು ಎಳೆದರೆ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ಪೂರ್ತಿ ಮೇಲೆ! ‘ಎರಡೂ ಒಂದೇ ಸಾರ್’ ಎಂದವರಿಗೆ ಆ ವಿಮಾನದಲ್ಲಿ ಒಂದು ಸುತ್ತು ಹಾಕಿಸಬೇಕು.

ನಿನ್ನೆ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಎರಡು ಬಾಣ ಬರೆದಾಗ ಸಿಕ್ಕಿಬಿದ್ದೆ. ತಿರುವಿನಲ್ಲಿ ವಿಮಾನದ ಮೂತಿ ಒಂದು ಕಡೆ, ವಿಮಾನ ಸಾಗುವುದು ಇನ್ನೊಂದು ಕಡೆ. ಅದೇ ತಾನೇ ಆಂಗಲ್ ಆಫ್ ಅಟ್ಯಾಕ್! ನಾನೋ ವಿಮಾನದ ವೇಗವನ್ನು ಬರೀ ಸಂಖ್ಯೆಯೆಂದು ತಿಳಿದು ಮೂತಿಯ ದಿಕ್ಕಿಗೇ ಕೂಡಿಸಿದ್ದೆ. ಆ ಕೋನ 8 ಡಿಗ್ರಿ, ವೇಗ ಸೆಕೆಂಡಿಗೆ 130 ಮೀಟರ್ ಎಂದರೆ, ಗುಂಡಿಗೆ ಮೂತಿಯಿಂದ ಕೆಳಮುಖವಾಗಿ ಸೆಕೆಂಡಿಗೆ 18 ಮೀಟರ್ ವೇಗ ಹುಟ್ಟಿನಿಂದಲೇ ಇರುತ್ತದೆ. ಗುರಿ ಮುಟ್ಟಲು 0.35 ಸೆಕೆಂಡ್ ಹಿಡಿದರೆ 6.3 ಮೀಟರ್. ನನ್ನನ್ನು ಮೂರು ವಾರ ಆಡಿಸಿದ ಆರು ಮೀಟರ್ ಇದೇ. ವಿಮಾನದ ವೇಗ ಕೇಳುವ ಗೆಟ್‌ವೆಲಾಸಿಟಿ ಎಂಬ ಆದೇಶ ಕೊಡುವ ಮೂರೂ ದಿಕ್ಕಿನ ಘಟಕಗಳನ್ನು ಇದ್ದಂತೆಯೇ ಕೂಡಿಸಿದೆ; ಒಂದು ಸಾಲಿನ ತಿದ್ದುಪಡಿ, ಅಷ್ಟೇ. ವಾಯುವಿನ ಎಳೆತ ಇನ್ನೂ ಅಂದಾಜಿನದು, 300 ಮೀಟರಿನೊಳಗೆ ನಡೆಯುತ್ತದೆ.

ಅಂದ ಹಾಗೆ, ಅಟ್ಟದ ಮೇಲೆ ಅಜ್ಜಿಯ ಹೊಲಿಗೆ ಯಂತ್ರ ಸಿಕ್ಕಿದೆ. ಅದರ ಕಬ್ಬಿಣದ ಪೆಡಲನ್ನು ನಡುವೆ ಕೊಯ್ಯದೆ ರಡ್ಡರ್ ಪೆಡಲ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಜೋಡಿ ಪೆಡಲ್) ಮಾಡುವ ದಾರಿ ಯಾರಿಗಾದರೂ ಹೊಳೆದರೆ ತಿಳಿಸಿ, ಕೊಯ್ದರೆ ಅಮ್ಮ ಮನೆಗೆ ಸೇರಿಸುವುದಿಲ್ಲ. ಈ ಬಾರಿ ಸೆನ್ಸರ್ ಕೊಳ್ಳುವಾಗ ಭೂತಗನ್ನಡಿ ಒಯ್ಯುತ್ತೇನೆ.

ತಿದ್ದಿದ ಮೇಲೆ 1,880 ಗುಂಡುಗಳನ್ನೂ ಖಾಲಿ ಮಾಡಿದೆ. ಸ್ಕ್ರಿಪ್ಟ್ ಈಗ ಹೇಳುತ್ತಿರುವುದು ‘ಲೀಡ್ ಕಡಿಮೆ, 11 ಮೀಟರ್’. ಎರಡು ಸಲ ಪರೀಕ್ಷಿಸಿದೆ, ಲೆಕ್ಕ ಸರಿಯಾಗಿಯೇ ಇದೆ.