ಆಮೆ ಹೋಗಿ ಬಂತಲ್ಲ, ಮನುಷ್ಯ ಯಾಕೆ ಹೋಗಲಿಲ್ಲ?

ಸೋವಿಯತ್ ಕಾಲದ ಚಂದ್ರಯಾನಗಳ ಬಗ್ಗೆ ಎಲ್ಲೇ ಮಾತಾಡಲಿ, ಒಬ್ಬರಾದರೂ ಕೇಳುತ್ತಾರೆ: "ಅಮೆರಿಕದವರಿಗಿಂತ ಮೊದಲೇ ರಷ್ಯಾದವರು ಚಂದ್ರನ ಹತ್ತಿರ ಆಮೆ ಕಳಿಸಿ ಜೀವಂತ ವಾಪಸ್ ತಂದಿದ್ರಂತೆ. ಹಾಗಿದ್ರೆ ಮನುಷ್ಯರನ್ನು ಯಾಕೆ ಕೂರಿಸಲಿಲ್ಲ?"

ಆಮೆಗಳ ಮಾತು ನಿಜ. 1968ರ ಸೆಪ್ಟೆಂಬರ್‌ನಲ್ಲಿ ರಾಕೆಟ್ ಹಾರಿಸುವ ಬೈಕನೂರು ಕೇಂದ್ರದಿಂದ ಹೊರಟ ಝೊಂಡ್ 5 ಎಂಬ ಸೋವಿಯತ್ ನೌಕೆಯಲ್ಲಿ ಎರಡು ಆಮೆ ಇದ್ದವು. ಜತೆಗೆ ನೊಣ, ಹುಳು, ಬೀಜ. 18ನೇ ತಾರೀಕು ನೌಕೆ ಚಂದ್ರನಿಂದ ಸುಮಾರು 1,950 ಕಿ.ಮೀ. ದೂರದಲ್ಲಿ ಹಾದು ಭೂಮಿಯ ಕಡೆ ತಿರುಗಿತು. ಅದು ಚಂದ್ರನ ಕಕ್ಷೆ ಸೇರಲಿಲ್ಲ. ಗುಡಿಯ ಹಿಂದಿನಿಂದ ಬಳಸಿಕೊಂಡು ಬಂದ ಹಾಗೆ, ಅಷ್ಟೇ.

ಕಷ್ಟ ಇದ್ದಿದ್ದು ವಾಪಸ್ ಬರುವುದರಲ್ಲಿ. ಚಂದ್ರನ ಕಡೆಯಿಂದ ಬರುವ ನೌಕೆ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತದೆ. ಕೆರೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ನೀರಿಗೆ ತಾಗಿ ಪುಟಿಯುತ್ತದೆ, ಅಲ್ವಾ? ಹಾಗೇ ನೌಕೆ ಒಮ್ಮೆ ಗಾಳಿಗೆ ತಾಗಿ, ಮೇಲೆದ್ದು, ವೇಗ ತಗ್ಗಿಸಿಕೊಂಡು ಕಜಾಕಸ್ತಾನದಲ್ಲಿ ಇಳಿಯಬೇಕಿತ್ತು. ಆದರೆ ದಿಕ್ಕು ನೋಡುವ ಸೆನ್ಸರ್‌ಗಳು ಕೈಕೊಟ್ಟವು. ಪುಟಿಯದೆ ಗುಂಡುಕಲ್ಲಿನಂತೆ ಇಳಿದು, ಹಿಂದೂ ಮಹಾಸಾಗರಕ್ಕೆ ಬಿತ್ತು. ಆಗ ಒಳಗೆ 20 ಜಿ ವರೆಗೆ, ಅಂದರೆ ಭೂಮಿಯ ಸೆಳೆತದ 20 ಪಟ್ಟು ಒತ್ತಡ. 60 ಕೆ.ಜಿ. ಮನುಷ್ಯ 1,200 ಕೆ.ಜಿ. ತೂಗಿದ ಹಾಗೆ! ಒಳಗೆ ಮನುಷ್ಯ ಇದ್ದಿದ್ದರೆ ಎದ್ದು ನಡೆದು ಬರುತ್ತಿದ್ದ ಅಂತ ನನಗಂತೂ ಅನಿಸುವುದಿಲ್ಲ.

ಆಮೆಗಳು ಮಾತ್ರ ಗಟ್ಟಿ. ತೂಕ ಶೇ. 10ರಷ್ಟು ಇಳಿದಿತ್ತು, ಅದೂ ಜಾಸ್ತಿ ಉಪವಾಸದಿಂದ. ಹಸಿವು ಚೆನ್ನಾಗಿತ್ತು. ಸಮುದ್ರದಿಂದ ಎತ್ತಿದ ನೌಕೆಯನ್ನು ಹಡಗಿನಲ್ಲಿ ನಮ್ಮ ಬೊಂಬಾಯಿಗೆ ತಂದು, ಅಲ್ಲಿಂದ ವಿಮಾನದಲ್ಲಿ ಮಾಸ್ಕೋಗೆ ಒಯ್ದರು. ಆಮೇಲೆ ಆಮೆಗಳನ್ನು ಕೊಯ್ದು ಪರೀಕ್ಷಿಸಿದರು. ಎದುರಿಗೆ ಮಕ್ಕಳಿದ್ದರೆ ಈ ಭಾಗ ಬಂದಾಗ ಸುಮ್ನೆ ನೀರು ಕುಡಿಯುತ್ತೇನೆ.

ನವೆಂಬರ್‌ನ ಝೊಂಡ್ 6 ಸರಿಯಾಗಿಯೇ ಪುಟಿಯಿತು. ಆದರೆ ದಾರಿಯಲ್ಲೇ ಒಳಗಿನ ಗಾಳಿ ಸೋರಿ ಹೋಗಿ, ಅದರಲ್ಲಿದ್ದ ಜೀವಿಗಳು ಸತ್ತವು. ಕೊನೆಗೆ ಪ್ಯಾರಾಚೂಟ್ ಇನ್ನೂ ಎತ್ತರದಲ್ಲಿದ್ದಾಗಲೇ ಕಳಚಿಕೊಂಡು, ನೌಕೆ ನೆಲಕ್ಕಪ್ಪಳಿಸಿತು. ಇದನ್ನು ನೋಡಿದ ಮೇಲೆ ಮುಂದಿನದಕ್ಕೆ ಯಾರು ಮನುಷ್ಯರನ್ನು ಹತ್ತಿಸುತ್ತಾರೆ? ಡಿಸೆಂಬರ್‌ನಲ್ಲಿ ಅಮೆರಿಕದ ಅಪೊಲೊ 8ರಲ್ಲಿ ಬೋರ್ಮನ್, ಲವೆಲ್, ಆಂಡರ್ಸ್ ಚಂದ್ರನನ್ನು ಹತ್ತು ಸುತ್ತು ಸುತ್ತಿದರು.

ಎಲ್ಲವೂ ನೆಟ್ಟಗಾಗಿದ್ದು ಝೊಂಡ್ 7ರಲ್ಲಿ, 1969ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಓಡಾಡಿ ವಾಪಸ್ ಬಂದಾಗಿತ್ತು. ಝೊಂಡ್ 7ರಲ್ಲೂ ಇದ್ದಿದ್ದು ಆಮೆಗಳೇ.